ಅರ್ಧ ಮಾರೋ, ನಾಲ್ಕು ಪಟ್ಟೋ? ಗಂಟಿನ ಬ್ಯಾಂಡಿಗೆ ದಾರ ಕತ್ತರಿಸುವ ಲೆಕ್ಕ

ಜಿಲ್ಲಾಧಿಕಾರಿಗಳು ಸತತ ಮೂರನೆಯ ದಿನ ಮಳೆಯ ರಜೆ ಸಾರಿದ್ದರು. ತಂಗಿಯ ಮಗಳು ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ತನ್ನ ಅಪ್ಪನಿಗೆಂದು ಫ್ರೆಂಡ್‌ಶಿಪ್ ಬ್ಯಾಂಡ್ ಹೆಣೆಯುತ್ತಿದ್ದಳು. ವಯಸ್ಸು ಒಂಬತ್ತು. ದಾರದ ಒಂದು ತುದಿಯನ್ನು ಮೂಗಿಗೆ ಹಿಡಿದು, ಇನ್ನೊಂದು ಕೈಯನ್ನು ಉದ್ದಕ್ಕೆ ಚಾಚಿ, ಬೆರಳು ಮುಗಿಯುವಲ್ಲಿ ಕತ್ತರಿ ಆಡಿಸಿದ್ದಳು. ಶಾಲೆಯಲ್ಲಿ ಗೆಳತಿಯರು ಹೇಳಿಕೊಟ್ಟ ಅಳತೆ ಅದು. ಸಂಜೆ ಕಾಫಿಯ ಹೊತ್ತಿಗೆ ದಾರ ಮುಗಿಯಿತು, ಬ್ಯಾಂಡ್ ಮುಗಿಯಲಿಲ್ಲ. ಇನ್ನೂ ಆರು ಸೆಂಟಿಮೀಟರ್ ಬಾಕಿ.

“ದೊಡ್ಡಮ್ಮ, ನನ್ನ ಕೈಯದ್ದಕ್ಕೆ ಇದೇ ಅಳತೆ ಸರಿಯಾಗಿತ್ತಲ್ಲ?” ಎಂದು ಕೇಳಿದಳು. ಪ್ರಶ್ನೆಯಲ್ಲೇ ಉತ್ತರವಿತ್ತು. ಅವಳ ಕೈಯದ್ದಕ್ಕೆ ಸರಿಯಾಗಿತ್ತು. ಅಪ್ಪನ ಮಣಿಕಟ್ಟು 18 ಸೆಂಟಿಮೀಟರ್, ಅವಳದ್ದು 13.

ಆಗಸ್ಟ್ ತಿಂಗಳ ಮೊದಲ ಭಾನುವಾರ ಬರುವ ಸ್ನೇಹಿತರ ದಿನಕ್ಕೆ, ಅದರ ಹಿಂದೆಮುಂದೆಯೇ ಬರುವ ರಾಖಿ ಹುಣ್ಣಿಮೆಗೆ ಈ ಊರಿನ ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತದೆ. ದಾರ ಕಡಿಮೆಯಾಗಿ ಅಳು, ಇಲ್ಲವೇ ಹೆದರಿ ಉದ್ದ ಕತ್ತರಿಸಿ, ಕೊನೆಯಲ್ಲಿ ಎರಡು ಗೇಣು ಕಸದ ಬುಟ್ಟಿಗೆ. ದಾರ ಅಳೆಯಲು ಚಾಲ್ತಿಯಲ್ಲಿರುವ ವಿಧಾನಗಳು ಮುಖ್ಯವಾಗಿ ನಾಲ್ಕು: ಮೈಯಳತೆ, ಪಟ್ಟಿನ ಲೆಕ್ಕ, ಮಾದರಿ ಹೆಣೆದು ನೋಡುವುದು, ಗಂಟು ಎಣಿಸುವುದು. ನಾಲ್ಕೂ ಸರಿಯೇ. ಎಲ್ಲಿ ಯಾವುದು ಎಂಬುದೇ ತಕರಾರು.

ಮಾರು, ಅರ್ಧ ಮಾರು

ಎರಡೂ ಕೈ ಚಾಚಿದರೆ ಒಂದು ಮಾರು. ಬಾವಿಯ ಹಗ್ಗ ಅಳೆಯುತ್ತಿದ್ದ ಅದೇ ಮಾರು. ಮೂಗಿನಿಂದ ಬೆರಳ ತುದಿಗೆ ಅರ್ಧ. ಮಾರು ಹೆಚ್ಚುಕಡಿಮೆ ಅವರವರ ಎತ್ತರದಷ್ಟೇ ಇರುತ್ತದೆ. ಐದು ಅಡಿ ಮೂರು ಅಂಗುಲದ ನನ್ನ ಅರ್ಧ ಮಾರು 80 ಸೆಂಟಿಮೀಟರ್, ಹುಡುಗಿಯದ್ದು 65.

ಈ ಅಳತೆಯ ಜಾಣತನವನ್ನು ಒಪ್ಪಲೇಬೇಕು. ಮೈ ಬೆಳೆದಂತೆ ಮಣಿಕಟ್ಟೂ ಬೆಳೆಯುತ್ತದೆ, ಕೈಯ ಚಾಚೂ ಬೆಳೆಯುತ್ತದೆ. ಹಾಗಾಗಿ ತನಗೆ ತಾನೇ ಹೆಣೆದುಕೊಳ್ಳುವವರಿಗೆ ಟೇಪಿನ ಹಂಗಿಲ್ಲ. ದಾರವನ್ನು ಒಂಟಿಯಾಗಿ ಬಳಸುವುದಾದರೆ ಅರ್ಧ ಮಾರು. ನಡುವೆ ಮಡಚಿ ಮೇಲೆ ಕುಣಿಕೆ ಬಿಡುವುದಾದರೆ ಪೂರ್ತಿ ಮಾರು. ಮಡಚಿದ ದಾರ ಒಂದೇ ತುಂಡಾದರೂ ಕೆಳಗೆ ಎರಡು ಎಳೆಯಾಗಿ ಇಳಿಯುತ್ತದೆ ಎಂಬುದನ್ನು ಮರೆತು ಅರ್ಧ ಮಾರೇ ಕತ್ತರಿಸಿ, ಹನ್ನೆರಡು ಎಳೆಯ ಬ್ಯಾಂಡ್ ನಾಲ್ಕು ಬೆರಳಗಲಕ್ಕೆ ನಿಂತುಬಿಟ್ಟ ದಿನ ನನಗೂ ಇದೆ. ಅದನ್ನು ಈಗ ಕೀಲಿಕೈಗೆ ಸಿಕ್ಕಿಸಿಕೊಂಡು ಓಡಾಡುತ್ತೇನೆ, ಬೇಕೆಂದೇ ಮಾಡಿದ್ದು ಎಂಬಂತೆ.

ಆದರೆ ಹೆಣೆಯುವವರ ಮೈ ಬೇರೆ, ತೊಡುವವರ ಕೈ ಬೇರೆಯಾದ ಕೂಡಲೇ ಮೈಯಳತೆ ಕೈಕೊಡುತ್ತದೆ. ಮಗು ಅಪ್ಪನಿಗೆ ಹೆಣೆದರೆ ಕಡಿಮೆ ಬೀಳುತ್ತದೆ, ಅಮ್ಮ ಮಗುವಿಗೆ ಹೆಣೆದರೆ ವ್ಯರ್ಥವಾಗುತ್ತದೆ. ಬೇಕಿದ್ದರೆ ತೊಡುವವರನ್ನೇ ನಿಲ್ಲಿಸಿ ಅವರ ಮೂಗಿನಿಂದ ಅಳೆಯಬಹುದು. ಆಗ ಉಡುಗೊರೆಯ ಗುಟ್ಟು ರಟ್ಟು.

ಪಟ್ಟಿನ ಲೆಕ್ಕ

ಬ್ಯಾಂಡಿನ ಉದ್ದದ ಐದು ಪಟ್ಟು, ಕೆಲವರ ಬಾಯಲ್ಲಿ ಆರು ಪಟ್ಟು, ದಾರ ಇರಬೇಕು ಎನ್ನುವುದು ಎರಡನೆಯ ದಾರಿ. ನೆನಪಿಡಲು ಸುಲಭ. ಆದರೆ ಅದರೊಳಗೆ ಒಂದು ಸಣ್ಣ ಮೋಸವಿದೆ. ಬ್ಯಾಂಡ್ ಎಷ್ಟೇ ಗಿಡ್ಡವಿರಲಿ, ಎಷ್ಟೇ ಉದ್ದವಿರಲಿ, ಎರಡೂ ತುದಿಗೆ ಕಟ್ಟಿಕೊಳ್ಳಲು ಬಾಲ ಬೇಕು. ಅದಲ್ಲದೆ ಕೊನೆಯ ಏಳೆಂಟು ಸೆಂಟಿಮೀಟರ್ ದಾರದಲ್ಲಿ ಗಂಟು ಹಾಕಲು ಬೆರಳಿಗೆ ಹಿಡಿತವೇ ಸಿಗುವುದಿಲ್ಲ. ಈ ಖರ್ಚು ಬಸ್ಸಿನ ಕನಿಷ್ಠ ದರದ ಹಾಗೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಹತ್ತಿ ಮುಂದಿನ ನಿಲ್ದಾಣದಲ್ಲೇ ಇಳಿದರೂ ಕೊಡಲೇಬೇಕು. ಅದನ್ನು ಗುಣಾಕಾರದೊಳಗೆ ತುರುಕಿದರೆ ಗಿಡ್ಡ ಬ್ಯಾಂಡಿಗೆ ದಾರ ಸಾಲದು, ಉದ್ದದ್ದಕ್ಕೆ ಮಿಕ್ಕುತ್ತದೆ.

ನಾನು ಬಳಸುವುದು ಹೀಗೆ. ಮೊದಲು ಮಣಿಕಟ್ಟಿನ ಸುತ್ತಳತೆಯಿಂದ ಎರಡು ಸೆಂಟಿಮೀಟರ್ ಕಳೆಯುತ್ತೇನೆ. ಕಟ್ಟುವ ಜಾಗಕ್ಕೆ ಅಷ್ಟು ಬೇಕು. ಉಳಿದದ್ದು ಗಂಟಿನ ಭಾಗ. ಅದರ ನಾಲ್ಕು ಪಟ್ಟಿಗೆ 25 ಸೆಂಟಿಮೀಟರ್ ಸೇರಿಸಿದರೆ ಒಂದು ಎಳೆಯ ಉದ್ದ. ಹುಡುಗಿಯ 13ರ ಮಣಿಕಟ್ಟಿಗೆ 11ರ ನಾಲ್ಕು ಪಟ್ಟು 44, ಜೊತೆಗೆ 25, ಒಟ್ಟು 69. ಅವಳ ಅರ್ಧ ಮಾರು 65. ಬಾಲ ಸ್ವಲ್ಪ ಗಿಡ್ಡವಾದರೂ ಬ್ಯಾಂಡ್ ಆಯಿತು. ಅಪ್ಪನ 18ಕ್ಕೆ 16ರ ನಾಲ್ಕು ಪಟ್ಟು 64, ಜೊತೆಗೆ 25, ಒಟ್ಟು 89. ಕತ್ತರಿಸಿದ್ದು 65. ಕಡಿಮೆ ಬಿದ್ದ 24 ಸೆಂಟಿಮೀಟರನ್ನು ನಾಲ್ಕರಿಂದ ಭಾಗಿಸಿದರೆ ಆರು. ಚಾವಡಿಯಲ್ಲಿ ಬಾಕಿ ಉಳಿದದ್ದೂ ಅದೇ ಆರು. ಇಷ್ಟು ನಿಖರವಾಗಿ ಕೂಡಿಬರುತ್ತದೆಂದು ನಾನೂ ಎಣಿಸಿರಲಿಲ್ಲ.

ಇದು ಓರೆ ಪಟ್ಟೆಯ ವಿನ್ಯಾಸಕ್ಕೂ, ಬಾಣದ ಮೊನೆಯಂತೆ ನಡುವೆ ಕೂಡುವ ವಿನ್ಯಾಸಕ್ಕೂ ಹೊಂದುತ್ತದೆ. ಎಲ್ಲ ವಿನ್ಯಾಸಕ್ಕೂ ಅಲ್ಲ. ಅದಕ್ಕೆ ಕಾರಣ ಗೊತ್ತಾಗಬೇಕಾದರೆ ದಾರ ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಕಟ್ಟುವ ಎಳೆ, ಕಟ್ಟಿಸಿಕೊಳ್ಳುವ ಎಳೆ

ಆರು ಎಳೆಗಳನ್ನು ಸೇರಿಸಿ ಮೇಲೊಂದು ಗಂಟು ಹಾಕಿ ದಿಂಬಿಗೆ ಪಿನ್ನು ಚುಚ್ಚಿ. ಎಡತುದಿಯ ಕೆಂಪು ಎಳೆಯನ್ನು ಪಕ್ಕದ ಹಳದಿಯ ಮೇಲೆ ಹಾಯಿಸಿ, ಅಡಿಯಿಂದ ಸುತ್ತಿ ತೂರಿಸಿ, ಹಳದಿಯನ್ನು ಬಿಗಿಯಾಗಿ ಹಿಡಿದು ಕೆಂಪನ್ನು ಮೇಲಕ್ಕೆ ಎಳೆಯಿರಿ. ಅದನ್ನೇ ಇನ್ನೊಮ್ಮೆ ಮಾಡಿ. ಎರಡು ಸುತ್ತು ಸೇರಿ ಒಂದು ಗಂಟು. ಈಗ ನೋಡಿ: ಕಾಣುವುದು ಕೆಂಪು ಮಾತ್ರ. ಹಳದಿ ಒಳಗೆ ನೇರವಾಗಿ ನಿಂತಿದೆ, ಸವೆದಿಲ್ಲ. ಕೆಂಪು ಮಾತ್ರ ಎರಡು ಸಲ ಸುತ್ತಿ ಬಂದಿದೆ. ನನ್ನ ಕೈಯಲ್ಲಿ, ಆರು ನೂಲಿನ ಮಾಮೂಲಿ ಕಸೂತಿ ದಾರದಲ್ಲಿ, ಒಂದು ಗಂಟಿಗೆ ಮುಕ್ಕಾಲು ಸೆಂಟಿಮೀಟರಿನಷ್ಟು ಹೋಗುತ್ತದೆ. ಕಟ್ಟಿಸಿಕೊಂಡ ಎಳೆಗೆ ಸಾಲಿನ ಎತ್ತರದಷ್ಟೇ ಖರ್ಚು, ಎರಡು ಮಿಲಿಮೀಟರ್.

ಅಮ್ಮನಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಅವರು ಉಡುಪಿ ಬಳಿಯ, ಮಲ್ಲಿಗೆಗೆ ಹೆಸರಾದ ಶಂಕರಪುರದ ಕಡೆಯವರು, ಬಾಳೆ ನಾರಿನಲ್ಲಿ ಮಲ್ಲಿಗೆ ಕಟ್ಟಿ ಬೆಳೆದವರು. “ಸುತ್ತುವ ನಾರು ಮುಗಿಯದೆ ಇನ್ನೇನು ಮುಗಿಯುತ್ತದೆ ಮಾರಾಯ್ತಿ” ಎಂದು ಕನ್ನಡಕದ ಮೇಲಿನಿಂದ ನೋಡಿದರು. ಬೇರೆ ಊರುಗಳಲ್ಲಿ ಹೂವನ್ನು ಮೊಳದಲ್ಲಿ ಅಳೆದು ಕೊಡುತ್ತಾರೆ. ಇಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಉದ್ದವನ್ನು ನಂಬದೆ ಎಣಿಕೆಯನ್ನು ನಂಬುವ ಊರು. ದಾರದ ವಿಷಯದಲ್ಲೂ ನಾನು ಕೊನೆಗೆ ಅಲ್ಲಿಗೇ ಬಂದೆ. ಎಷ್ಟು ಉದ್ದ ಎಂದು ಕೇಳುವ ಮೊದಲು ಈ ಬಣ್ಣ ಎಷ್ಟು ಗಂಟು ಹಾಕಲಿದೆ ಎಂದು ಕೇಳಬೇಕು.

ಓರೆ ಪಟ್ಟೆಯಲ್ಲಿ ಪ್ರತಿ ಎಳೆಯೂ ಸರದಿಯ ಪ್ರಕಾರ ಎಡತುದಿಗೆ ಬಂದು ಕಟ್ಟುವ ಎಳೆಯಾಗುತ್ತದೆ. ದುಡಿಮೆ ಸಮಪಾಲು, ಖರ್ಚೂ ಸಮಪಾಲು. ಆದ್ದರಿಂದ ಎಲ್ಲ ಬಣ್ಣವನ್ನೂ ಒಂದೇ ಅಳತೆಗೆ ಕತ್ತರಿಸಬಹುದು.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ: ಬ್ಯಾಂಡ್ ಅಗಲವಾದರೆ ಪ್ರತಿ ಎಳೆಯನ್ನೂ ಉದ್ದ ಮಾಡಬೇಕು ಎನ್ನುವುದು. ಹನ್ನೆರಡು ಸಾಲುಗಳ ಲೆಕ್ಕ ಹಾಕಿ. ಆರು ಎಳೆಯ ಬ್ಯಾಂಡಿನಲ್ಲಿ ಒಂದು ಎಳೆಗೆ ಎರಡು ಸರದಿ, ಸರದಿಗೆ ಐದು ಗಂಟು, ಒಟ್ಟು ಹತ್ತು. ಹನ್ನೆರಡು ಎಳೆಯದ್ದರಲ್ಲಿ ಒಂದೇ ಸರದಿ, ಗಂಟು ಹನ್ನೊಂದು. ಅಗಲ ಇಮ್ಮಡಿಯಾದಾಗ ಎಳೆಯೊಂದರ ಖರ್ಚು ಏರಿದ್ದು ಹತ್ತಕ್ಕೆ ಒಂದು ಗಂಟು ಮಾತ್ರ. ಎಳೆಗಳ ಸಂಖ್ಯೆ ಹೆಚ್ಚುತ್ತದೆ, ಉದ್ದ ಹೆಚ್ಚುವುದಿಲ್ಲ. ಅಗಲದ ಬ್ಯಾಂಡಿನ ತುದಿ ತ್ರಿಕೋನವಾಗಿ ಓರೆ ನಿಲ್ಲುವುದರಿಂದ ನಾನು ಐದು ಸೆಂಟಿಮೀಟರ್ ಜಾಸ್ತಿ ಬಿಡುತ್ತೇನೆ, ಅಷ್ಟೆ.

ಬಾಣದ ಮೊನೆಯಲ್ಲಿ ಎಡದಿಂದೊಂದು ಬಲದಿಂದೊಂದು ಎಳೆ ನಡುವಿಗೆ ನಡೆದು ಅಲ್ಲಿ ಒಂದು ಗಂಟಿನಿಂದ ಕೂಡುತ್ತವೆ. ಹನ್ನೆರಡು ಎಳೆಯಿದ್ದರೂ ಪ್ರತಿಯೊಂದಕ್ಕೂ ಸರದಿಗೆ ಐದೇ ಗಂಟು, ಕೂಡುವ ಗಂಟು ಇಬ್ಬರಲ್ಲಿ ಒಬ್ಬರ ಲೆಕ್ಕಕ್ಕೆ. ಹಾಗಾಗಿ ಓರೆ ಪಟ್ಟೆಯ ಅಳತೆಯೇ ಇದಕ್ಕೂ ಸಾಕು.

ಸುರುಳಿ ಮೆಟ್ಟಿಲಿನಂತೆ ಒಂದೇ ಎಳೆ ಉಳಿದೆಲ್ಲವನ್ನೂ ಸುತ್ತಿಕೊಂಡು ಹೋಗುವ ಬ್ಯಾಂಡ್ ಮಕ್ಕಳಿಗೆ ಇಷ್ಟ. ಅದರಲ್ಲಿ ಬಣ್ಣಗಳು ಸಮನಾಗಿ ಸರದಿ ಹಂಚಿಕೊಂಡರೆ ತೊಂದರೆಯಿಲ್ಲ. ಮಗುವಿಗೆ ನೀಲಿ ಇಷ್ಟವೆಂದು ನೀಲಿಯನ್ನೇ ಸುತ್ತಿಸುತ್ತ ಹೋದರೆ ನೀಲಿ ಮಾತ್ರ ಕರಗಿ, ಉಳಿದ ಮೂರು ಬಣ್ಣ ಕೂದಲಿನ ಹಾಗೆ ಇಳಿಬೀಳುತ್ತವೆ.

ಅಕ್ಷರದ ಬ್ಯಾಂಡ್: ಇಲ್ಲಿ ಎಣಿಕೆಯೊಂದೇ ಗತಿ

ಹೆಸರು ಬರೆಯುವ ಬ್ಯಾಂಡಿಗೆ ಮೇಲಿನ ಯಾವ ಅಳತೆಯೂ ನಡೆಯುವುದಿಲ್ಲ. ಇಲ್ಲಿ ಸರದಿಯೇ ಇಲ್ಲ. ಹಿನ್ನೆಲೆಯ ಬಣ್ಣ ಒಂದೇ, ಅದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಪ್ರತಿ ಸಾಲಿನಲ್ಲೂ ಎಲ್ಲರನ್ನೂ ಕಟ್ಟುತ್ತ ಹೋಗುತ್ತದೆ. ಅಕ್ಷರ ಬೀಳುವ ಕಡೆ ಮಾತ್ರ ನಿಂತ ಎಳೆ ತಿರುಗಿ ಗಂಟು ಹಾಕುತ್ತದೆ.

ಲೆಕ್ಕ ಮಾಡಿ. ಹತ್ತು ನಿಂತ ಎಳೆ, ಗಂಟಿನ ಭಾಗ 13 ಸೆಂಟಿಮೀಟರ್, ಸಾಲು ಎರಡು ಮಿಲಿಮೀಟರ್ ಎಂದರೆ 65 ಸಾಲು. ಸಾಲಿಗೆ ಹತ್ತರಂತೆ 650 ಗಂಟು. ಗಂಟಿಗೆ ಮುಕ್ಕಾಲು ಸೆಂಟಿಮೀಟರ್ ಹಿಡಿದರೆ ಐದು ಮೀಟರಿಗೆ ಸ್ವಲ್ಪ ಕಡಿಮೆ. ಒಂದು ಎಳೆಗೆ! ನಿಂತ ಎಳೆಗಳಿಗೆ ಅರ್ಧ ಮೀಟರ್ ಧಾರಾಳ. ಈ ವಿನ್ಯಾಸದಲ್ಲಿ ಅಗಲಕ್ಕೆ ತಕ್ಕಂತೆ ಖರ್ಚು ನೇರವಾಗಿ ಏರುತ್ತದೆ. ಹದಿನಾಲ್ಕು ನಿಂತ ಎಳೆಯಾದರೆ ಹಿನ್ನೆಲೆಗೆ ಏಳು ಮೀಟರ್ ಬೇಕು. ಇಂಗ್ಲಿಷ್ ಅಕ್ಷರಕ್ಕೆ ಏಳು ಗಂಟಿನ ಎತ್ತರ ಸಾಕಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರ ಬಂದರೆ ಎತ್ತರ ಬೇಕು, ಎತ್ತರ ಬಂದರೆ ದಾರ ಬೇಕು. ಹೆಸರಿನಲ್ಲಿ ಒತ್ತಕ್ಷರವಿಲ್ಲದ ಗೆಳತಿಯರನ್ನು ಮೊದಲು ಆರಿಸಿಕೊಳ್ಳುವುದು ಕ್ಷೇಮ.

ಇಷ್ಟು ಉದ್ದದ ಎಳೆಯನ್ನು ಇಳಿಬಿಟ್ಟು ಹೆಣೆಯಲು ಹೋಗಬೇಡಿ. ಪ್ರತಿ ಗಂಟಿಗೂ ಐದು ಮೀಟರ್ ತೂರಿಸುವುದರಲ್ಲಿ ಮಧ್ಯಾಹ್ನ ಕಳೆಯುತ್ತದೆ, ಸಿಕ್ಕು ಬೇರೆ. ರಟ್ಟಿನ ಸಣ್ಣ ತುಂಡಿಗೆ ಸುತ್ತಿಟ್ಟುಕೊಂಡು ಬೇಕಾದಷ್ಟೇ ಬಿಚ್ಚಿಕೊಳ್ಳಿ.

ಗಂಟುಗಳಿಂದಲೇ ಹೆಣೆಯುವ ಮ್ಯಾಕ್ರಮೆ ಕಲೆಯ ಚೌಕ ಗಂಟಿನಲ್ಲೂ ಇದೇ ಒಳಮರ್ಮ. ನಡುವಿನ ಎರಡು ಎಳೆ ಕೊನೆಯತನಕ ಸುಮ್ಮನೆ ನಿಲ್ಲುತ್ತವೆ. 13 ಸೆಂಟಿಮೀಟರ್ ಗಂಟಿಗೆ ಅವಕ್ಕೆ 40 ಸಾಕು. ಅಕ್ಕಪಕ್ಕದ ಎರಡು ದುಡಿಯುತ್ತವೆ. ಅವಕ್ಕೆ ತಲಾ 80 ಕೊಡಿ. ನಾಲ್ಕನ್ನೂ ಒಂದೇ ಅಳತೆಗೆ ಕತ್ತರಿಸುವವರು ನಡುವಿನ ಎಳೆಯಲ್ಲಿ ಅರ್ಧವನ್ನು ಎಸೆಯುತ್ತಾರೆ.

ಹೊಸ ದಾರವಾದರೆ ಮಾದರಿ

ದಾರ ದಪ್ಪವಾದರೆ ಉದ್ದ ಬೇಕಲ್ಲವೇ ಎಂದು ಕೇಳುತ್ತಾರೆ. ಗಂಟೊಂದಕ್ಕೆ ಹೆಚ್ಚು ಬೇಕು, ನಿಜ. ಆದರೆ ದಪ್ಪ ದಾರದ ಗಂಟು ಎತ್ತರವೂ ಇರುವುದರಿಂದ ಅದೇ 13 ಸೆಂಟಿಮೀಟರಿಗೆ ಕಡಿಮೆ ಸಾಲು ಸಾಕು. ಒಂದರ ಏರಿಕೆಯನ್ನು ಇನ್ನೊಂದರ ಇಳಿಕೆ ಸರಿದೂಗಿಸುತ್ತದೆ. ಆರು ಎಳೆಯ ಓರೆ ಪಟ್ಟೆಗೆ ಕ್ರೋಶಾ ದಾರವಾದರೂ ಕಸೂತಿ ದಾರವಾದರೂ ನಾಲ್ಕು ಪಟ್ಟಿನ ಆಸುಪಾಸಿನಲ್ಲೇ ಬರುತ್ತದೆ. ಬದಲಾಗುವುದು ಬ್ಯಾಂಡಿನ ಅಗಲ. ದಾರಿ ತಪ್ಪಿಸುವುದು ದಪ್ಪವಲ್ಲ, ದಾರದ ಗುಣ. ಉಣ್ಣೆ ಎಳೆದಷ್ಟೂ ಹಿಗ್ಗುತ್ತದೆ, ಬಿಟ್ಟ ಮೇಲೆ ಕುಗ್ಗುತ್ತದೆ. ನೈಲಾನ್ ಜಾರುತ್ತದೆ, ಬಿಗಿ ನಿಲ್ಲದೆ ಇನ್ನೊಂದು ಸುತ್ತು ಹಾಕುವ ಚಟ ಹತ್ತಿದರೆ ಲೆಕ್ಕ ಕೆಟ್ಟಂತೆ. ಅದರ ತುದಿಗೆ ಮಾತ್ರ ಒಂದು ಅನುಕೂಲ: ಉರಿಯುವ ಊದುಬತ್ತಿಯ ಕಿಡಿ ತಾಗಿಸಿದರೆ ಕರಗಿ ಕೂತುಕೊಳ್ಳುತ್ತದೆ. ಹತ್ತಿಗೆ ಆ ಪ್ರಯೋಗ ಬೇಡ.

ಹೊಸ ದಾರ ಕೈಗೆ ಬಂದಾಗ ಮೇಲಿನ ಗಂಟಿನಿಂದ ಕೆಳಗೆ 70 ಸೆಂಟಿಮೀಟರ್ ಇರುವಂತೆ ಆರು ಎಳೆ ಬಿಟ್ಟು ಹನ್ನೆರಡು ಸಾಲು ಹೆಣೆಯಿರಿ. ಹನ್ನೆರಡೇ ಏಕೆಂದರೆ ಆಗ ಎಲ್ಲರಿಗೂ ಎರಡೆರಡು ಸರದಿ ಮುಗಿದಿರುತ್ತದೆ. ಎಂಟಕ್ಕೇ ನಿಲ್ಲಿಸಿ ಅಳೆದರೆ ಒಂದು ಬಣ್ಣ ಉದ್ದ, ಒಂದು ಗಿಡ್ಡ, ಗೊಂದಲ. ಹೆಣೆದ ಭಾಗವನ್ನೂ ಉಳಿದ ಎಳೆಯನ್ನೂ ಅಳೆಯಿರಿ. ನನ್ನ ಮಾದರಿಯಲ್ಲಿ ಬ್ಯಾಂಡ್ 2.4 ಸೆಂಟಿಮೀಟರ್ ಆಗಿತ್ತು, ಎಳೆ 60.4 ಉಳಿದಿತ್ತು. ಅಂದರೆ 9.6 ಹೋಗಿದೆ. ಭಾಗಿಸಿದರೆ ನಾಲ್ಕು. ನನ್ನ ನಾಲ್ಕು ಪಟ್ಟು ಬಂದದ್ದು ಇಲ್ಲಿಂದ. ನಿಮ್ಮದು ಮೂರೂವರೆ ಬರಬಹುದು, ನಾಲ್ಕೂವರೆ ಬರಬಹುದು. ಬಿಗಿ ಕೈ, ಸಡಿಲ ಕೈ ಎಂಬುದುಂಟು. ಮಳೆಗಾಲದಲ್ಲಿ ಬೆವರಿಗೆ ದಾರ ಅಂಟಿಕೊಂಡು ನನ್ನ ಕೈಯೇ ಬಿಗಿಯಾಗುತ್ತದೆ. ಮಾದರಿ ವ್ಯರ್ಥವಲ್ಲ, ಅದನ್ನೇ ಮುಂದುವರಿಸಿ ಬ್ಯಾಂಡ್ ಮಾಡಬಹುದು. ಒಂದೇ ಬ್ಯಾಂಡಿಗಾಗಿ ಇಷ್ಟು ಕಷ್ಟ ಬೇಡ ಎನ್ನುವವರೊಂದಿಗೆ ನನ್ನ ಜಗಳವಿಲ್ಲ. ತರಗತಿಗೆಲ್ಲ ಹಂಚಲು ಮೂವತ್ತು ಮಾಡುವವರು ಮಾತ್ರ ಈ ಹತ್ತು ನಿಮಿಷ ಉಳಿಸಬಾರದು.

ಲಡಿಯನ್ನು ನೋಡಿ ಕತ್ತರಿ ಎತ್ತಿ

ಲೆಕ್ಕದ ಕೊನೆಯ ತುಂಡು ಅಂಗಡಿಯಲ್ಲಿದೆ. ಉಡುಪಿಯ ರಥಬೀದಿಯ ಸುತ್ತಲಾಗಲಿ ಮಂಗಳೂರಿನ ಹಂಪನಕಟ್ಟೆಯ ಕಡೆಯಾಗಲಿ ಫ್ಯಾನ್ಸಿ ಅಂಗಡಿಗೆ ಹೋಗಿ ಆಂಕರ್ ಕಸೂತಿ ದಾರ ಕೇಳಿದರೆ ಸಿಗುವ ಲಡಿ ಎಂಟು ಮೀಟರಿನದು. ಆ ಎಂಟು ಮೀಟರಿನಲ್ಲಿ 80 ಸೆಂಟಿಮೀಟರಿನ ಹತ್ತು ಎಳೆ ಬರುತ್ತವೆ. 90ರದ್ದು ಎಂಟೇ ಬರುತ್ತವೆ, 80 ಸೆಂಟಿಮೀಟರ್ ಮಿಕ್ಕುತ್ತದೆ. ಒಂದು ಮೀಟರಿನದ್ದೂ ಎಂಟೇ. ಹಾಗಿದ್ದ ಮೇಲೆ ಅಪ್ಪನ ಬ್ಯಾಂಡಿಗೆ ಲೆಕ್ಕದ ಪ್ರಕಾರ 89 ಬಂದರೂ ಒಂದು ಮೀಟರೇ ಕತ್ತರಿಸುವುದು ಜಾಣತನ. ಉಳಿಸಿದ ಹನ್ನೊಂದು ಸೆಂಟಿಮೀಟರಿನಿಂದ ಇನ್ನೊಂದು ಎಳೆ ಹುಟ್ಟುವುದಿಲ್ಲ. ಮಡಚುವವರಿಗೆ 160ರಲ್ಲಿ ಐದು, ಎರಡು ಮೀಟರಿನಲ್ಲಿ ನಾಲ್ಕು. ನಾನು ನಿಖರ ಉದ್ದಕ್ಕಿಂತ ಈ ಮೆಟ್ಟಿಲುಗಳನ್ನೇ ನೆನಪಿಟ್ಟುಕೊಂಡಿದ್ದೇನೆ. ಸೂತ್ರದ ಉತ್ತರ ಯಾವ ಮೆಟ್ಟಿಲಿನ ಕೆಳಗೆ ಬಿದ್ದರೂ ಮೇಲಿನದಕ್ಕೆ ಹತ್ತಿಸುತ್ತೇನೆ. ಅಕ್ಷರದ ಬ್ಯಾಂಡಿಗೆ ಹಿನ್ನೆಲೆಯ ಬಣ್ಣದ ಪೂರ್ತಿ ಲಡಿಯೊಂದನ್ನು ಮುಟ್ಟದೆ ಎತ್ತಿಡಿ.

ಗಾಢ ಕೆಂಪನ್ನು ಬಿಳಿಯ ಪಕ್ಕ ಹಾಕುವ ಮೊದಲು ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಆಗಸ್ಟಿನ ಕರಾವಳಿಯಲ್ಲಿ ಕೈಗೆ ಕಟ್ಟಿದ್ದು ಒದ್ದೆಯಾಗದೆ ಉಳಿಯುವುದಿಲ್ಲ. ನೆನೆದ ಹತ್ತಿ ಉಬ್ಬಿ ಗಂಟು ಬಿಗಿಯುತ್ತದೆ. ಮಣಿಕಟ್ಟಿಗೆ ಕಿರುಬೆರಳು ತೂರುವಷ್ಟು ಸಡಿಲ ಇಟ್ಟೇ ಅಳೆಯಬೇಕು.

ಇಷ್ಟಾದರೂ ದಾರ ಮುಗಿದರೆ? ಬಿಚ್ಚಬೇಡಿ. ಮುಗಿಯುತ್ತ ಬಂದ ಎಳೆ ಸರದಿ ಮುಗಿಸಿ ಕಟ್ಟಿಸಿಕೊಳ್ಳುವ ಜಾಗಕ್ಕೆ ಬಂದಾಗ, ಅದೇ ಬಣ್ಣದ ಹೊಸ ಎಳೆಯನ್ನು ಅದರ ಜೊತೆಗೆ ಹಿಡಿದು, ಎರಡನ್ನೂ ಒಂದೇ ಎಂಬಂತೆ ಮೂರು ನಾಲ್ಕು ಸಾಲು ಕಟ್ಟಿಸಿ. ಆಮೇಲೆ ಹಳೆಯದನ್ನು ಹಿಂದಕ್ಕೆ ಬಿಟ್ಟು ಹೊಸದರಲ್ಲಿ ಮುಂದುವರಿಸಿ, ಕೊನೆಗೆ ಹಿಂಬದಿಯ ತುದಿಯನ್ನು ಕತ್ತರಿಸಿದರಾಯಿತು. ಕಟ್ಟುತ್ತಿರುವ ಎಳೆಗೆ ನಡುಸಾಲಿನಲ್ಲಿ ಜೋಡಣೆ ಮಾಡಿದರೆ ಗಂಟು ಗುಳ್ಳೆಯ ಹಾಗೆ ಎದ್ದು ಕಾಣುತ್ತದೆ.

ಅಪ್ಪನ ಬ್ಯಾಂಡಿಗೆ ಆರು ಎಳೆಗೂ ಹಾಗೆಯೇ ಜೋಡಿಸಿದೆವು, ಒಂದೊಂದನ್ನೂ ಬೇರೆ ಬೇರೆ ಸಾಲಿನಲ್ಲಿ. ಅಲ್ಲಿ ಬ್ಯಾಂಡ್ ಒಂದು ಕೂದಲಿನಷ್ಟು ದಪ್ಪ. ತೊಟ್ಟವರಿಗೆ ಗೊತ್ತಾಗಿಲ್ಲ, ಹುಡುಗಿಗೆ ಮಾತ್ರ ಗೊತ್ತು. ಪ್ರತಿ ಸಲ ಸಿಕ್ಕಾಗಲೂ ಅಪ್ಪನ ಕೈ ತಿರುಗಿಸಿ ಅದೇ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ.